ಮಂಜಿನಲ್ಲಿ ಇಳಿಯುವ ಸಣ್ಣ ವಿಮಾನಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸಣ್ಣ ವಿಮಾನವೊಂದು ಮಂಜಿನಲ್ಲೋ ಮಳೆಯಲ್ಲೋ ಇಳಿಯುವಾಗ ಬಿತ್ತು ಎಂಬ ಸುದ್ದಿ ಬಂದಾಗಲೆಲ್ಲ ನನಗೆ ಪ್ರಶ್ನೆಗಳ ಸರಣಿಯೇ ಬರುತ್ತದೆ. ಶಾಲಾ ಮಕ್ಕಳು ಕೇಳುತ್ತಾರೆ, ಪೈಲಟ್ ತರಬೇತಿಗೆ ಮಕ್ಕಳನ್ನು ಕಳಿಸಿದ ತಂದೆ ತಾಯಂದಿರು ಕೇಳುತ್ತಾರೆ, ಕೆಲಸದ ಮೇಲೆ ಚಾರ್ಟರ್, ಅಂದರೆ ಇಡಿಯಾಗಿ ಬಾಡಿಗೆಗೆ ಪಡೆದ, ವಿಮಾನ ಹತ್ತುವವರು ಪತ್ರ ಬರೆಯುತ್ತಾರೆ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಸುಲಭದವು ಮೊದಲು, ಒಳಸುಳಿಯವು ಆಮೇಲೆ. ಯಾವುದನ್ನಾದರೂ ಬಿಡಿಯಾಗಿ ಓದಬಹುದು.

### ಮೊದಲ ಪಾಠ

ದೊಡ್ಡ ವಿಮಾನಗಳು ಮಂಜಿನಲ್ಲೂ ಇಳೀತವಲ್ಲ, ಸಣ್ಣವು ಮಾತ್ರ ಯಾಕೆ ಬೀಳ್ತವೆ?

ಗಾತ್ರ ಇಲ್ಲಿ ಮುಖ್ಯವಲ್ಲ. ದಟ್ಟ ಮಂಜಿನಲ್ಲಿ ಇಳಿಯಲು ಮೂರು ಸಂಗತಿ ಒಟ್ಟಿಗೆ ಇರಬೇಕು: ನಿಲ್ದಾಣದಲ್ಲಿ ಉಪಕರಣ, ವಿಮಾನದಲ್ಲಿ ಉಪಕರಣ, ಪೈಲಟ್‌ಗಳಿಗೆ ಅದರದ್ದೇ ತರಬೇತಿ. ದೆಹಲಿಯಲ್ಲಿ, ನಮ್ಮ ಕೆಂಪೇಗೌಡ ನಿಲ್ದಾಣದ ದಕ್ಷಿಣ ರನ್‌ವೇಯಲ್ಲಿ 'ಕ್ಯಾಟ್ 3' ವ್ಯವಸ್ಥೆ ಇದೆ. ರನ್‌ವೇ ಮೇಲೆ 50 ಮೀಟರ್ ಕಂಡರೂ ಸಾಕು, ಆಟೊಪೈಲಟ್ ತಾನೇ ಚಕ್ರ ತಾಗಿಸುತ್ತದೆ. ಏರ್‌ಲೈನ್ ಪೈಲಟ್‌ಗಳು ಸಿಮ್ಯುಲೇಟರಿನಲ್ಲಿ ಇದನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿರುತ್ತಾರೆ.

ಖಾಸಗಿ ವಿಮಾನ ಹೋಗುವ ಊರು ಸಾಮಾನ್ಯವಾಗಿ ಬೇರೆ. ಅಲ್ಲಿ ಒಂದೇ ರನ್‌ವೇ ಪಟ್ಟಿ ಇರುತ್ತದೆ, ಎಷ್ಟೋ ಕಡೆ ರೇಡಿಯೊ ಸಂಕೇತದಿಂದ ರನ್‌ವೇಗೆ ದಾರಿ ತೋರುವ ಐಎಲ್‌ಎಸ್ ಕೂಡ ಇರುವುದಿಲ್ಲ. ವಿಮಾನ ಒಳ್ಳೆಯದೇ ಇದ್ದರೂ ತಾನಾಗಿ ಇಳಿಯುವ ಸಾಮರ್ಥ್ಯ ಅದಕ್ಕೆ ಇರುವುದಿಲ್ಲ. ಕೆಲವೊಮ್ಮೆ ಪೈಲಟ್ ಒಬ್ಬನೇ. ಅದೇ ಮಂಜು, ಆದರೆ ಮೂರರಲ್ಲಿ ಎರಡು ಆಧಾರ ಇಲ್ಲ.

ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಮಂಜಿನೊಳಗೇ ಬಸ್ ಓಡಿಸ್ತಾರೆ. ಅದಕ್ಕಿಂತ ಕಷ್ಟಾನಾ?

ಘಾಟಿಯ ಚಾಲಕ ವೇಗ ತಗ್ಗಿಸಬಹುದು, ಬದಿಗೆ ಹಾಕಿ ನಿಲ್ಲಬಹುದು. ಸಣ್ಣ ಜೆಟ್ ಇಳಿಯುವಾಗ ಗಂಟೆಗೆ ಸುಮಾರು 220 ಕಿಲೋಮೀಟರ್ ವೇಗದಲ್ಲಿ ಇರಲೇಬೇಕು. ಅದಕ್ಕಿಂತ ತೀರಾ ಕಡಿಮೆಯಾದರೆ ರೆಕ್ಕೆ ಹೊರುವುದನ್ನೇ ಬಿಡುತ್ತದೆ. ನಿಲ್ಲುವ ಆಯ್ಕೆ ಇಲ್ಲ. ಇರುವುದು ಎರಡೇ ಆಯ್ಕೆ, ಇಳಿಯುವುದು ಇಲ್ಲವೇ ಮೇಲೇರುವುದು.

ಟಿವಿಯಲ್ಲಿ 'ವಿಸಿಬಿಲಿಟಿ 700 ಮೀಟರ್ ಇತ್ತು' ಅಂತಾರೆ. ಅದನ್ನು ಯಾರು, ಹೇಗೆ ಅಳೀತಾರೆ?

ದೊಡ್ಡ ನಿಲ್ದಾಣಗಳಲ್ಲಿ ರನ್‌ವೇ ಪಕ್ಕ ಟ್ರಾನ್ಸ್‌ಮಿಸೋಮೀಟರ್ ಎಂಬ ಯಂತ್ರ ಇರುತ್ತದೆ. ಒಂದು ಕಂಬದಿಂದ ಬೆಳಕು ಬಿಟ್ಟು ಇನ್ನೊಂದು ಕಂಬಕ್ಕೆ ಎಷ್ಟು ತಲುಪಿತು ಎಂದು ನೋಡಿ, ಪೈಲಟ್‌ಗೆ ರನ್‌ವೇ ಎಷ್ಟು ದೂರದವರೆಗೆ ಕಾಣಬಹುದು ಎಂದು ಲೆಕ್ಕ ಹಾಕುತ್ತದೆ. ನಮ್ಮ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ಇಂಥದ್ದೊಂದನ್ನು 'ದೃಷ್ಟಿ' ಎಂಬ ಹೆಸರಿನಲ್ಲಿ ತಯಾರಿಸಿತು. ದೆಹಲಿಯೂ ಸೇರಿದಂತೆ ದೇಶದ ಹಲವು ನಿಲ್ದಾಣಗಳಲ್ಲಿ ಅದು ಕೆಲಸ ಮಾಡುತ್ತಿದೆ. ಈ ಮಾತು ಹೇಳುವಾಗ ನನಗೆ ಖುಷಿಯಾಗುತ್ತದೆ.

ಆದರೆ ಅದು ನೆಲಮಟ್ಟದಲ್ಲಿ, ಅಡ್ಡಡ್ಡಲಾಗಿ ಅಳೆದ ಸಂಖ್ಯೆ. ಪೈಲಟ್ ನೋಡುವುದು ಮೇಲಿಂದ, ಓರೆಯಾಗಿ. ತೆಳು ಮಂಜು ನೆಲಕ್ಕೆ ಹಾಸಿಕೊಂಡಿದ್ದರೆ ಮೇಲಿಂದ ರನ್‌ವೇ ದೀಪಗಳು ಸ್ಪಷ್ಟವಾಗಿ ಕಾಣುತ್ತವೆ. ಕೊನೆಯ ಐವತ್ತು ಅಡಿಯಲ್ಲಿ ಅದರೊಳಗೆ ಇಳಿದಾಗ ಎಲ್ಲವೂ ಒಮ್ಮೆಲೇ ಮಾಯ. ಮಳೆಯದು ಇನ್ನೊಂದು ಮೋಸ. ಗಾಜಿನ ಮೇಲೆ ನೀರು ಹರಿಯುವಾಗ ಬೆಳಕು ಬಾಗಿ, ವಿಮಾನ ಇರುವುದಕ್ಕಿಂತ ಎತ್ತರದಲ್ಲಿದೆ ಎಂಬ ಭ್ರಮೆ ಹುಟ್ಟುತ್ತದೆ. ಆಗ ಕೈ ತಾನಾಗಿ ಇನ್ನಷ್ಟು ಕೆಳಗಿಳಿಸುತ್ತದೆ.

700 ಮೀಟರ್ ಎಂದು ನೀವು ಕೇಳಿದ್ದು ಬಹುಶಃ 2023ರ ಸೆಪ್ಟೆಂಬರ್ 14ರ ಮುಂಬೈ ಘಟನೆ. ವಿಶಾಖಪಟ್ಟಣದಿಂದ ಬಂದ ಲಿಯರ್‌ಜೆಟ್ 45 ಭಾರೀ ಮಳೆಯಲ್ಲಿ ಇಳಿಯುವಾಗ ರನ್‌ವೇಯಿಂದ ಹೊರಕ್ಕೆ ಹೋಗಿ ತುಂಡಾಯಿತು. ಒಳಗಿದ್ದ ಎಂಟೂ ಜನ ಬದುಕಿದರು.

ಮಂಜು ಕರಗೋವರೆಗೆ ಮೇಲೇ ಸುತ್ತಾಡ್ತಾ ಕಾಯಬಹುದಲ್ವಾ?

ಕಾಯಬಹುದು, ಇಂಧನ ಇರುವಷ್ಟು ಹೊತ್ತು. ಹೊರಡುವ ಮೊದಲೇ ಲೆಕ್ಕ ಹಾಕಿ ತುಂಬಿರುತ್ತಾರೆ: ಊರು ತಲುಪಲು ಎಷ್ಟು, ಅಲ್ಲಿ ಆಗದಿದ್ದರೆ ಪರ್ಯಾಯ ನಿಲ್ದಾಣಕ್ಕೆ ಎಷ್ಟು, ಅದರ ಮೇಲೆ ಮುಟ್ಟಬಾರದ ಮೀಸಲು ಎಷ್ಟು. ಸುತ್ತಾಡುವಾಗ ಖರ್ಚಾಗುವುದು ಈ ಮೂರರ ಮೇಲಿನ ಹೆಚ್ಚುವರಿ ಇಂಧನ. ನಮ್ಮ ಚಳಿಗಾಲದ ಮಂಜು ಬಿಸಿಲೇರಿದ ಮೇಲೆ ಕರಗುತ್ತದೆ, ಹಾಗಾಗಿ ಬೆಳಗ್ಗೆ ಆರಕ್ಕೆ ಹೋಗುವ ಬದಲು ಒಂಬತ್ತಕ್ಕೆ ಹೊರಡುವುದೇ ಎಷ್ಟೋ ಸಲ ಉತ್ತರ. ನೆಲದ ಮೇಲೆ ಕಾಯುವುದಕ್ಕೆ ಇಂಧನ ಖರ್ಚಾಗುವುದಿಲ್ಲ.

ನಮ್ಮ ಜಿಲ್ಲೆಗೂ ವಿಮಾನ ನಿಲ್ದಾಣ ಬಂತು. ಅಲ್ಲಿ ಮಂಜಿದ್ದರೆ ಯಾಕೆ ವಾಪಸ್ ಬೆಂಗಳೂರಿಗೆ ಹೋಗ್ತಾರೆ?

ಶಿವಮೊಗ್ಗದವರು ಹೆಚ್ಚು ಕೇಳುವ ಪ್ರಶ್ನೆ. ನಿಲ್ದಾಣ ಉದ್ಘಾಟನೆಯಾಗುವುದು ಬೇರೆ, ಅಲ್ಲಿ ಉಪಕರಣಗಳ ನೆರವಿನಿಂದ ಇಳಿಯುವ ವಿಧಾನ ಸಿದ್ಧವಾಗಿ ಪರೀಕ್ಷೆಯಾಗಿ ಪ್ರಕಟವಾಗುವುದು ಬೇರೆ. ಅದು ಆಗುವವರೆಗೆ ಪೈಲಟ್ ಕಣ್ಣಿಂದ ನೋಡಿಯೇ ಇಳಿಯಬೇಕು, ಅದಕ್ಕೆ ಸಾಮಾನ್ಯವಾಗಿ 5 ಕಿಲೋಮೀಟರ್ ದೂರ ಕಾಣಬೇಕು. ಮಲೆನಾಡಿನ ಮಳೆಗಾಲದಲ್ಲಿ 5 ಕಿಲೋಮೀಟರ್ ಕಾಣುವ ಬೆಳಗು ಎಷ್ಟು ಸಿಗುತ್ತವೆ ಎಂದು ಅಲ್ಲಿಯವರಿಗೇ ಗೊತ್ತು. ವಿಮಾನ ಹಿಂದಿರುಗಿದ ದಿನ ಬೇಸರವಾಗುತ್ತದೆ, ನಿಜ. ಆದರೆ ಆ ದಿನ ಕೆಲಸ ಮಾಡಬೇಕಾದವರು ಸರಿಯಾಗಿ ಕೆಲಸ ಮಾಡಿದ್ದಾರೆ.

### ಕಾಕ್‌ಪಿಟ್ ಒಳಗೆ

'ಮಿನಿಮಾ' ಅಂತ ಪದೇ ಪದೇ ಕೇಳ್ತೀವಿ. ಅದೇನು ಅಷ್ಟು ದೊಡ್ಡ ವಿಷಯ?

ಈ ಇಡೀ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಪ್ರತಿ ರನ್‌ವೇಗೂ ಇಳಿಯುವ ಪ್ರತಿ ವಿಧಾನಕ್ಕೂ ಒಂದು ಕನಿಷ್ಠ ಎತ್ತರ, ಕಾಣಬೇಕಾದ ಒಂದು ಕನಿಷ್ಠ ದೂರ ನಿಗದಿಯಾಗಿರುತ್ತವೆ. ಅದೇ ಮಿನಿಮಾ. ಸಾಮಾನ್ಯ ಐಎಲ್‌ಎಸ್‌ಗೆ ಆ ಎತ್ತರ ನೆಲದಿಂದ 200 ಅಡಿ, ರನ್‌ವೇ ಕಾಣಬೇಕಾದ ದೂರ 550 ಮೀಟರ್. ಐಎಲ್‌ಎಸ್ ಇಲ್ಲದ ಕಡೆ, ಬೆಟ್ಟ ಇರುವ ಕಡೆ ಆ ಎತ್ತರ 500, 1,000 ಅಡಿ, ಇನ್ನೂ ಹೆಚ್ಚು. ಅಲ್ಲಿಗೆ ಬಂದಾಗ ರನ್‌ವೇ ಅಥವಾ ಅದರ ದೀಪಗಳು ಕಂಡರೆ ಇಳಿಯಬೇಕು. ಕಾಣದಿದ್ದರೆ ಪೂರ್ತಿ ಶಕ್ತಿ ಕೊಟ್ಟು ಮೇಲೇರಬೇಕು. 'ಇನ್ನು ಸ್ವಲ್ಪ ಇಳಿದು ನೋಡೋಣ' ಎಂಬ ಮೂರನೇ ದಾರಿ ಇಲ್ಲ.

ಯಾಕಿಷ್ಟು ಬಿಗಿ? ಲೆಕ್ಕ ಹಾಕಿ ನೋಡಿ. ಮಾಮೂಲಿ ಮೂರು ಡಿಗ್ರಿ ಇಳಿಜಾರಿನಲ್ಲಿ ಗಂಟೆಗೆ 220 ಕಿಲೋಮೀಟರ್ ವೇಗದ ವಿಮಾನ ಸೆಕೆಂಡಿಗೆ ಸುಮಾರು 10 ಅಡಿ ಇಳಿಯುತ್ತದೆ. 200 ಅಡಿ ಅಂದರೆ 20 ಸೆಕೆಂಡು. ಆ 20 ಸೆಕೆಂಡಿನಲ್ಲಿ ಕಣ್ಣು ಮೀಟರುಗಳಿಂದ ಹೊರಗಿನ ಬೆಳಕಿಗೆ ಹೊಂದಿಕೊಳ್ಳಬೇಕು, ವಿಮಾನ ನೇರವಿದೆಯೇ ನೋಡಬೇಕು, ಗಾಳಿ ತಳ್ಳಿದ್ದನ್ನು ಸರಿಪಡಿಸಬೇಕು, ಮೂತಿ ಎತ್ತಿ ಚಕ್ರ ತಾಗಿಸಬೇಕು. ಮೇಲೇರುವ ತೀರ್ಮಾನ ಮಾಡಿದರೂ ವಿಮಾನ ತಕ್ಷಣ ಏರುವುದಿಲ್ಲ, ಇಳಿಯುವ ಭರದಲ್ಲಿ ಇನ್ನೊಂದಿಷ್ಟು ಅಡಿ ಕೆಳಗೆ ಹೋಗಿಯೇ ಏರುತ್ತದೆ. ಆ ದಾರಿಯಲ್ಲಿರುವ ಮರ, ಕಂಬ, ಗುಡ್ಡಗಳನ್ನೆಲ್ಲ ಅಳೆದೇ ಆ ಸಂಖ್ಯೆ ಬರೆದಿರುವುದು. ಅದರ ಕೆಳಗೆ ಕುರುಡಾಗಿ ಇಳಿದವನಿಗೆ ಯಾವ ಅಳತೆಯ ರಕ್ಷಣೆಯೂ ಇಲ್ಲ.

ಸಾವಿರಾರು ಗಂಟೆ ಹಾರಿದವರಿಗೂ ನೆಲ ಎಲ್ಲಿದೆ ಅಂತ ಗೊತ್ತಾಗಲ್ವಾ?

ಗೊತ್ತಾಗುವುದಿಲ್ಲ. ಇದು ಅನುಭವದ ಕೊರತೆಯಲ್ಲ, ದೇಹದ ಸ್ವಭಾವ.

ಒಳಕಿವಿಯಲ್ಲಿರುವ ದ್ರವ ನಾವು ತಿರುಗಿದ್ದನ್ನು ಮೆದುಳಿಗೆ ಹೇಳುತ್ತದೆ. ಒಂದೇ ಸಮನೆ ಹತ್ತಿಪ್ಪತ್ತು ಸೆಕೆಂಡು ತಿರುಗುತ್ತಿದ್ದರೆ ಆ ದ್ರವವೂ ಜೊತೆಗೇ ತಿರುಗಿ ಸುಮ್ಮನಾಗುತ್ತದೆ. ಆಗ ಓರೆಯಾಗಿ ಸುತ್ತುತ್ತಿರುವ ವಿಮಾನ ನೇರವಾಗಿದೆ ಎನ್ನಿಸುತ್ತದೆ. ಮೀಟರು ನೋಡಿ ನೇರ ಮಾಡಿದರೆ ಎದುರು ಕಡೆಗೆ ವಾಲಿದಂತೆ ಅನ್ನಿಸುತ್ತದೆ. ಇನ್ನೂ ಅಪಾಯದ್ದು ಮೇಲೇರುವಾಗಿನ ಭ್ರಮೆ. ಎಂಜಿನ್‌ಗೆ ಪೂರ್ತಿ ಶಕ್ತಿ ಕೊಟ್ಟಾಗ ಬೆನ್ನು ಸೀಟಿಗೆ ಒತ್ತುತ್ತದೆ, ಮೆದುಳು ಅದನ್ನು 'ಮೂತಿ ತೀರಾ ಮೇಲೆದ್ದಿದೆ' ಎಂದು ಓದುತ್ತದೆ, ಕೈ ಮೂತಿಯನ್ನು ಕೆಳಗೆ ಒತ್ತುತ್ತದೆ. ನೆಲ ಕೆಲವೇ ನೂರು ಅಡಿ ಕೆಳಗಿರುತ್ತದೆ.

1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಉಪಕರಣ ತರಬೇತಿಯಿಲ್ಲದ 20 ಜನರನ್ನು ಹೊರಗೇನೂ ಕಾಣದಂತೆ ಮಾಡಿ ಹಾರಿಸಿ ನೋಡಿದರು. ಇಪ್ಪತ್ತೂ ಜನ ವಿಮಾನದ ಹಿಡಿತ ಕಳೆದುಕೊಂಡರು. ಅದಕ್ಕೆ ಹಿಡಿದ ಸರಾಸರಿ ಸಮಯ 178 ಸೆಕೆಂಡು, ಮೂರು ನಿಮಿಷವೂ ಇಲ್ಲ.

1999ರ ಜುಲೈ 16ರ ರಾತ್ರಿ ಅಮೆರಿಕದ ಮಾಜಿ ಅಧ್ಯಕ್ಷ ಕೆನಡಿಯ ಮಗ ಜಾನ್ ಎಫ್. ಕೆನಡಿ ಜೂನಿಯರ್ ತಾನೇ ಓಡಿಸುತ್ತಿದ್ದ ಪೈಪರ್ ಸಾರಟೋಗಾ, ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದ ಕಡೆ ಇಳಿಯುತ್ತಾ ಸಮುದ್ರಕ್ಕೆ ಬಿತ್ತು. ಜೊತೆಗಿದ್ದ ಪತ್ನಿ ಮತ್ತು ಆಕೆಯ ಅಕ್ಕ ಕೂಡ ತೀರಿಕೊಂಡರು. ಕತ್ತಲು, ಕೆಳಗೆ ನೀರು, ಸುತ್ತ ಮಬ್ಬು. ಆತನಿಗೆ ಉಪಕರಣ ನೋಡಿ ಹಾರುವ ಪರವಾನಗಿ ಇರಲಿಲ್ಲ. 2017ರ ಜನವರಿ 19ರಂದು ಬ್ರೆಜಿಲ್ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಟೆಯೊರಿ ಜವಾಸ್ಕಿ ಸೇರಿ ಐವರು ಸತ್ತದ್ದು ಪಾರಾಟಿ ಎಂಬ ಕಡಲ ಊರಿನ ಬಳಿ, ಮಳೆಯಲ್ಲಿ. ಕಣ್ಣಿಂದ ನೋಡಿಯೇ ಇಳಿಯಬೇಕಾದ ಸಣ್ಣ ಪಟ್ಟಿ ಅದು. ಎರಡರಲ್ಲೂ ತನಿಖೆ ಬೊಟ್ಟು ಮಾಡಿದ್ದು ಇದೇ ದಿಕ್ಕು ತಪ್ಪುವಿಕೆಯತ್ತ.

ಮೊದಲ ಸಲ ಆಗದಿದ್ದರೆ ಇನ್ನೊಂದು ಸಲ ಪ್ರಯತ್ನಿಸೋದರಲ್ಲಿ ತಪ್ಪೇನು?

ಹವೆ ನಿಜಕ್ಕೂ ಸುಧಾರಿಸಿದ್ದರೆ ತಪ್ಪಿಲ್ಲ. ಏನೂ ಬದಲಾಗದೆ ಮತ್ತೆ ಇಳಿದರೆ ಬದಲಾಗುವುದು ಪೈಲಟ್‌ನ ಮನಸ್ಸು ಮಾತ್ರ. ದಣಿವು ಏರಿರುತ್ತದೆ, ಇಂಧನ ಇಳಿದಿರುತ್ತದೆ, 'ಕಳೆದ ಸಲ ಇನ್ನೇನು ಕಾಣುತ್ತಿತ್ತು' ಎಂಬ ಆಸೆ ಸೇರಿರುತ್ತದೆ.

2023ರ ಜುಲೈ 8ರ ನಸುಕು, ಕ್ಯಾಲಿಫೋರ್ನಿಯಾದ ಮರಿಯೆಟಾ. ಲಾಸ್ ವೇಗಸ್‌ನಿಂದ ಬಂದ ಸೆಸ್ನಾ ಸೈಟೇಷನ್ ಜೆಟ್ ಮೊದಲ ಸಲ ರನ್‌ವೇ ಕಾಣದೆ ಸರಿಯಾಗಿಯೇ ಮೇಲೇರಿತು. ಎರಡನೇ ಸಲ ರನ್‌ವೇಗೆ ಸ್ವಲ್ಪ ಮುಂಚೆಯೇ ನೆಲಕ್ಕೆ ಅಪ್ಪಳಿಸಿ ಆರೂ ಜನ ಹೋದರು. 2011ರ ಫೆಬ್ರುವರಿ 10ರಂದು ಐರ್ಲೆಂಡಿನ ಕಾರ್ಕ್‌ನಲ್ಲಿ 12 ಜನರಿದ್ದ ಸಣ್ಣ ಮೆಟ್ರೋಲೈನರ್ ಮಂಜಿನಲ್ಲಿ ಮೂರನೇ ಸಲ ಇಳಿಯಲು ಹೋಗಿ, ನಿಗದಿತ ಎತ್ತರದ ಕೆಳಗಿಳಿದ ಮೇಲೆ ಮೇಲೇರಲು ನೋಡಿ, ಹಿಡಿತ ತಪ್ಪಿ ಮಗುಚಿತು. ಆರು ಜನ ಸತ್ತರು. ಅನೇಕ ಏರ್‌ಲೈನ್‌ಗಳು ಎರಡು ಸಲಕ್ಕೆ ಮಿತಿ ಹಾಕಿರುವುದು ಇಂಥ ಸಾವುಗಳನ್ನು ನೋಡಿಯೇ.

ಎಟಿಸಿಯವರು 'ಇಳೀಬೇಡಿ' ಅಂತ ಹೇಳಿದ್ರೆ ಮುಗೀತಲ್ಲ?

ಎಟಿಸಿ, ಅಂದರೆ ನೆಲದಿಂದ ವಿಮಾನ ಸಂಚಾರ ನಿಯಂತ್ರಿಸುವ ಕೇಂದ್ರ, ಹವೆ ಹೇಳುತ್ತದೆ, ದಾರಿ ಬಿಡಿಸುತ್ತದೆ, ಇತರ ವಿಮಾನಗಳಿಂದ ದೂರ ಇಡುತ್ತದೆ. ಇಳಿಯಬೇಕೇ ಬೇಡವೇ ಎಂಬ ಕೊನೆಯ ಮಾತು ಕ್ಯಾಪ್ಟನ್‌ನದು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ವರದಿಯಾದ ವಿಸಿಬಿಲಿಟಿ ಮಿನಿಮಾಕ್ಕಿಂತ ಕಡಿಮೆ ಇದ್ದರೆ ವಾಣಿಜ್ಯ ವಿಮಾನ 1,000 ಅಡಿಯಿಂದ ಕೆಳಗೆ ಬರುವಂತಿಲ್ಲ. ಅಮೆರಿಕದಲ್ಲಿ ಬಾಡಿಗೆಗಲ್ಲದ ಖಾಸಗಿ ಹಾರಾಟಕ್ಕೆ ಈ ತಡೆ ಇಲ್ಲ. ಮಿನಿಮಾವರೆಗೆ ಇಳಿದು ನೋಡಿ ಬರಬಹುದು. ನನಗೆ ಈ ಸಡಿಲಿಕೆ ಸರಿ ಅನ್ನಿಸುವುದಿಲ್ಲ. ನೋಡಿ ಬರಲೆಂದು ಇಳಿದವನಿಗೆ ಬರಿಗೈಯಲ್ಲಿ ವಾಪಸಾಗುವುದು ಇಳಿಯುವ ಮೊದಲಿಗಿಂತ ಕಷ್ಟ.

2025ರ ಮೇ 22ರ ಸ್ಯಾನ್ ಡಿಯಾಗೊ ಘಟನೆ ನೋಡಿ. ರಾತ್ರಿಯಿಡೀ ನ್ಯೂಯಾರ್ಕ್ ಕಡೆಯಿಂದ ಬಂದ ಸೈಟೇಷನ್, ಬೆಳಗಿನ ಜಾವ ನಾಲ್ಕರ ಹತ್ತಿರ ದಟ್ಟ ಮಂಜಿನಲ್ಲಿ ಮಾಂಟ್ಗೊಮರಿ ಗಿಬ್ಸ್ ನಿಲ್ದಾಣಕ್ಕೆ ಇಳಿಯುತ್ತಿತ್ತು. ಆ ಹೊತ್ತಿಗೆ ಅಲ್ಲಿನ ನಿಯಂತ್ರಣ ಟವರ್ ಮುಚ್ಚಿತ್ತು. ನಿಲ್ದಾಣದ ಹವಾಮಾನ ಯಂತ್ರ ಕೆಟ್ಟಿದ್ದರಿಂದ ಪಕ್ಕದ ನಿಲ್ದಾಣದ ಹವೆಯನ್ನೇ ನೆಚ್ಚಬೇಕಾಯಿತು. ರನ್‌ವೇಗೆ ದಾರಿ ತೋರುವ ದೀಪಸಾಲು ಕೂಡ ಕೆಲಸ ಮಾಡುತ್ತಿರಲಿಲ್ಲ. ವಿಮಾನ ವಿದ್ಯುತ್ ತಂತಿಗೆ ತಗುಲಿ ಮನೆಗಳ ಮೇಲೆ ಬಿತ್ತು. ಒಳಗಿದ್ದ ಆರೂ ಜನ ಸತ್ತರು. 'ಬೇಡ' ಎನ್ನುವ ಧ್ವನಿ ಆ ನಿಲ್ದಾಣದಲ್ಲಿ ಇರಲೇ ಇಲ್ಲ.

### ಇನ್ನೂ ಆಳಕ್ಕೆ

ಒಳಗೆ ಕೂತ ದೊಡ್ಡ ಮನುಷ್ಯರು ಒತ್ತಡ ಹಾಕ್ತಾರೆ ಅಂತಾರೆ. ನಿಜಾನಾ?

ನಿಜ. ಅದು ತನಿಖಾ ವರದಿಯಲ್ಲೇ ದಾಖಲಾಗಿದೆ.

2001ರ ಮಾರ್ಚ್ 29. ಲಾಸ್ ಏಂಜಲೀಸ್‌ನಿಂದ ಕೊಲರಾಡೊದ ಬೆಟ್ಟದೂರು ಆ್ಯಸ್ಪೆನ್‌ಗೆ ಗಲ್ಫ್‌ಸ್ಟ್ರೀಮ್ 3 ಚಾರ್ಟರ್ ಜೆಟ್ ಹೊರಡಬೇಕಿತ್ತು. ಪ್ರಯಾಣಿಕರು ತಡವಾಗಿ ಬಂದರು. ಆ್ಯಸ್ಪೆನ್‌ನಲ್ಲಿ ಆ ವಿಮಾನಕ್ಕೆ ಸೂರ್ಯಾಸ್ತವಾಗಿ ಅರ್ಧ ಗಂಟೆಯೊಳಗೆ ಇಳಿಯಬೇಕೆಂಬ ನಿರ್ಬಂಧ. ಬೇರೆ ಊರಲ್ಲಿ ಇಳಿಯಬೇಕಾದೀತು ಎಂಬ ಮಾತಿಗೆ ಬಾಡಿಗೆಗೆ ಪಡೆದವರ ಕಡೆಯಿಂದ ಸಿಟ್ಟು ಬಂತು. ಹೊತ್ತು ಮುಳುಗುತ್ತಿತ್ತು, ಹಿಮ ಬೀಳುತ್ತಿತ್ತು, ಮುಂದೆ ಹೋದ ವಿಮಾನಗಳು ರನ್‌ವೇ ಕಾಣದೆ ಮೇಲೇರುತ್ತಿದ್ದವು. ಕಾಕ್‌ಪಿಟ್‌ನ ಹೆಚ್ಚುವರಿ ಸೀಟಿನಲ್ಲಿ ಪ್ರಯಾಣಿಕರೊಬ್ಬರು ಬಂದು ಕೂತಿದ್ದರು. ಪೈಲಟ್‌ಗಳು ನಿಗದಿತ ಎತ್ತರದ ಕೆಳಗೆ ಇಳಿದರು. 18 ಜನರೂ ಸತ್ತರು.

ಅಮೆರಿಕದಲ್ಲಿ ವಿಮಾನ ಅಪಘಾತಗಳ ತನಿಖೆ ಮಾಡುವ ಎನ್‌ಟಿಎಸ್‌ಬಿ ಮುಖ್ಯ ಕಾರಣವಾಗಿ ಬರೆದದ್ದು ರನ್‌ವೇ ಕಾಣದೆ ಮಿನಿಮಾದ ಕೆಳಗೆ ಹೋದದ್ದನ್ನು. ಪೂರಕ ಕಾರಣಗಳಲ್ಲಿ ಗ್ರಾಹಕರ ಒತ್ತಡವನ್ನೂ, ತಡವಾಗಿ ಹೊರಟಿದ್ದನ್ನೂ, ರಾತ್ರಿ ನಿರ್ಬಂಧವನ್ನೂ ಹೆಸರಿಸಿತು. ಎರಡು ದಿನ ಮುಂಚೆ ಹೊರಡಿಸಿದ ರಾತ್ರಿ ಹಾರಾಟದ ಸೂಚನೆ ಅಸ್ಪಷ್ಟವಾಗಿತ್ತು, ಟವರ್‌ಗೆ ತಲುಪಿಯೇ ಇರಲಿಲ್ಲ ಎಂದೂ ಬರೆಯಿತು. ಕೊನೆಯ ಕ್ಷಣದಲ್ಲಿ ತಪ್ಪಿದ್ದು ಪೈಲಟ್‌ನ ಕೈ. ಆದರೆ ಆ ಕ್ಷಣ ತಯಾರಾದದ್ದು ಲಾಸ್ ಏಂಜಲೀಸ್‌ನ ನೆಲದ ಮೇಲೆ, ಮಧ್ಯಾಹ್ನವೇ. ಸಣ್ಣ ವಿಮಾನದಲ್ಲಿ ಹಣ ಕೊಟ್ಟವರು ಪೈಲಟ್‌ನ ಬೆನ್ನಿಗೇ ಕೂತಿರುತ್ತಾರೆ. ಅವರು ಏನೂ ಹೇಳದೆ ಗಡಿಯಾರ ನೋಡಿಕೊಂಡರೂ ಅದು ಮಾತೇ.

ಮೋಡದ ಕೆಳಗೆ ಬಂದು ರನ್‌ವೇ ಕಂಡ ಮೇಲೂ ಬಿದ್ದವು ಅಂತ ಓದಿದೆ. ಅದು ಹೇಗೆ?

ಕೆಲವು ಕಡೆ ಉಪಕರಣ ಒಂದು ರನ್‌ವೇ ಕಡೆ ತಂದು ಬಿಡುತ್ತದೆ, ಗಾಳಿ ಅಥವಾ ರನ್‌ವೇ ಉದ್ದ ನೋಡಿ ಇಳಿಯಬೇಕಾದದ್ದು ಇನ್ನೊಂದರಲ್ಲಿ. ಆಗ ಮೋಡದ ಕೆಳಗೆ, ಕಡಿಮೆ ಎತ್ತರದಲ್ಲಿ, ರನ್‌ವೇಯನ್ನು ಕಣ್ಣಿಂದ ಬಿಡದೆ ಸುತ್ತು ಹಾಕಿ ಬರಬೇಕು. ಪೈಲಟ್ ಹೊರಗೆ ನೋಡುತ್ತಾ ತಿರುವನ್ನು ಬಿಗಿ ಮಾಡುತ್ತಾನೆ, ವೇಗ ಇಳಿಯುತ್ತದೆ, ರೆಕ್ಕೆ ಸ್ಟಾಲ್ ಆಗುತ್ತದೆ, ಅಂದರೆ ಹೊರುವುದನ್ನೇ ಬಿಡುತ್ತದೆ. ಅಷ್ಟು ಕೆಳಗೆ ಚೇತರಿಸಿಕೊಳ್ಳಲು ಜಾಗವಿಲ್ಲ.

2021ರಲ್ಲೇ ಇಂಥವು ಎರಡು ನಡೆದವು, ಎರಡೂ ಕ್ಯಾಲಿಫೋರ್ನಿಯಾದಲ್ಲಿ. ಜುಲೈ 26ರಂದು ಟ್ರಕೀಯಲ್ಲಿ ಕಾಡ್ಗಿಚ್ಚಿನ ಹೊಗೆಯ ನಡುವೆ ಚಾಲೆಂಜರ್ 605, ಆರು ಸಾವು. ಡಿಸೆಂಬರ್ 27ರ ರಾತ್ರಿ ಎಲ್ ಕಹೋನ್‌ನಲ್ಲಿ ಲಿಯರ್‌ಜೆಟ್ 35, ನಾಲ್ಕು ಸಾವು. ಇಂಥ ಹವೆಯಲ್ಲಿ, ಅದೂ ರಾತ್ರಿ, ಸುತ್ತು ಹಾಕಿ ಇಳಿಯುವುದನ್ನು ಕಂಪನಿಗಳೇ ನಿಷೇಧಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಾಗದಪತ್ರ ಸರಿಯಿಲ್ಲದ್ದಕ್ಕೂ ಅಪಘಾತಕ್ಕೂ ಏನು ಸಂಬಂಧ? ಹಾರೋದು ವಿಮಾನ ತಾನೇ?

1962 ಮತ್ತು 1968ರ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಗ್ರಹಾಂ ಹಿಲ್ ಕಥೆ ಕೇಳಿ. 1975ರ ನವೆಂಬರ್ 29ರ ರಾತ್ರಿ ಫ್ರಾನ್ಸ್‌ನಿಂದ ತನ್ನ ರೇಸಿಂಗ್ ತಂಡದವರನ್ನು ಕೂರಿಸಿಕೊಂಡು ತಾನೇ ಪೈಪರ್ ಆ್ಯಜ್‌ಟೆಕ್ ಓಡಿಸಿಕೊಂಡು ಲಂಡನ್ ಹೊರವಲಯದ ಎಲ್‌ಸ್ಟ್ರೀಗೆ ಇಳಿಯುತ್ತಿದ್ದರು. ದಟ್ಟ ಮಂಜು. ವಿಮಾನ ಆರ್ಕ್‌ಲಿಯ ಗಾಲ್ಫ್ ಮೈದಾನದ ಮರಗಳಿಗೆ ಬಡಿಯಿತು. ಆರೂ ಜನ ಸತ್ತರು. ಹಿಲ್ ಅವರ ಉಪಕರಣ ಹಾರಾಟದ ಅರ್ಹತೆಯ ಅವಧಿ ಮುಗಿದಿತ್ತು, ವಿಮಾನದ ನೋಂದಣಿಯೂ ಊರ್ಜಿತದಲ್ಲಿರಲಿಲ್ಲ. ಅರ್ಹತೆ ನವೀಕರಿಸುವುದೆಂದರೆ ಮುದ್ರೆ ಹಾಕಿಸುವುದಲ್ಲ, ಪರೀಕ್ಷಕರ ಎದುರು ಮತ್ತೆ ಹಾರಿ ತೋರಿಸುವುದು. ಕಾಗದಪತ್ರ ಹೀಗಿದ್ದುದರಿಂದ ವಿಮೆಯೂ ಊರ್ಜಿತವಾಗದೆ, ಜೊತೆಗಿದ್ದವರ ಕುಟುಂಬಗಳು ಪರಿಹಾರಕ್ಕಾಗಿ ಹಿಲ್ ಅವರ ಆಸ್ತಿಯ ಮೇಲೇ ದಾವೆ ಹೂಡಬೇಕಾಯಿತು.

ಹೊಸ ತಂತ್ರಜ್ಞಾನ ಬಂದಿದೆಯಲ್ಲ, ಇನ್ನೂ ಯಾಕೆ ಹೀಗೆ?

ಬಂದಿದೆ, ಜೀವಗಳನ್ನು ಉಳಿಸಿಯೂ ಇದೆ. ಎಂಜಿನಿಯರ್ ಡಾನ್ ಬೇಟ್‌ಮನ್ ರೂಪಿಸಿದ ನೆಲದ ಎಚ್ಚರಿಕೆ ಸಾಧನ ಗುಡ್ಡ ಹತ್ತಿರ ಬಂದರೆ 'ಪುಲ್ ಅಪ್' ಎಂದು ಕೂಗುತ್ತದೆ. ಏರ್‌ಲೈನ್‌ಗಳಲ್ಲಿ ಗುಡ್ಡಕ್ಕೆ ಬಡಿಯುವ ಅಪಘಾತಗಳು ತೀರಾ ಕಡಿಮೆಯಾಗಿದ್ದಕ್ಕೆ ಅದು ದೊಡ್ಡ ಕಾರಣ. ಆದರೆ ರನ್‌ವೇ ಹತ್ತಿರ ಬಂದಂತೆ ಅದು ಸುಮ್ಮನಾಗಲೇಬೇಕು, ಇಲ್ಲದಿದ್ದರೆ ಪ್ರತಿ ಸಲ ಇಳಿಯುವಾಗಲೂ ಕೂಗುತ್ತದೆ. ಕೊನೆಯ ಒಂದೆರಡು ಕಿಲೋಮೀಟರ್‌ನಲ್ಲಿ ಅದರ ಆಸರೆ ತೆಳು.

ನಮ್ಮಲ್ಲಿ ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ 'ಗಗನ್' ಇದೆ. ಉಪಗ್ರಹದ ಸಂಕೇತವನ್ನು ತಿದ್ದಿ, ನೆಲದಲ್ಲಿ ಐಎಲ್‌ಎಸ್ ಇಲ್ಲದೆಯೇ ಹೆಚ್ಚುಕಡಿಮೆ ಅಷ್ಟೇ ನಿಖರವಾದ ಇಳಿಜಾರು ಕೊಡುತ್ತದೆ. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೊದ ಎಟಿಆರ್ ವಿಮಾನ ಇದನ್ನು ಬಳಸಿ ಇಳಿಯಿತು. ಜಿಲ್ಲಾ ಕೇಂದ್ರಗಳ ನಿಲ್ದಾಣಗಳಿಗೆ ಇದು ವರ. ಬೇಗ ಬರಲಿ ಎಂದು ಆಸೆಯಿಂದ ಕಾಯುತ್ತಿದ್ದೇನೆ. ಅಲ್ಲೂ ಮಿನಿಮಾ ಎಂಬ ಸಂಖ್ಯೆ ಇರುತ್ತದೆ, ಅದರ ಕೆಳಗೆ ಇಳಿದರೆ ಉಪಗ್ರಹ ಕಾಪಾಡುವುದಿಲ್ಲ.

ಪ್ರತಿ ವರದಿಯಲ್ಲೂ 'ಪೈಲಟ್ ತಪ್ಪು' ಅಂತ ಬರೆದು ಕೈ ತೊಳ್ಕೊಳ್ತಾರಲ್ಲ?

ಸತ್ತ ಪೈಲಟ್‌ನ ಮನೆಯವರು ಈ ಪ್ರಶ್ನೆ ಕೇಳಿದಾಗ ಉತ್ತರಿಸುವುದು ಕಷ್ಟ. ತನಿಖೆಯ ಅಂತರರಾಷ್ಟ್ರೀಯ ನಿಯಮವೇ ಹೇಳುವಂತೆ ಅದರ ಉದ್ದೇಶ ದೋಷ ಹೊರಿಸುವುದಲ್ಲ, ಮತ್ತೆ ಆಗದಂತೆ ನೋಡಿಕೊಳ್ಳುವುದು. 30 ದಿನಗಳಲ್ಲಿ ಪ್ರಾಥಮಿಕ ವರದಿ ಬರಬೇಕು. ಅದರಲ್ಲಿ ಸಿಕ್ಕ ಸಂಗತಿಗಳಷ್ಟೇ ಇರುತ್ತವೆ, ಕಾರಣ ಇರುವುದಿಲ್ಲ. ಅದನ್ನೇ ತೀರ್ಪೆಂದು ಓದಬೇಡಿ. ಅನೇಕ ಸಣ್ಣ ವಿಮಾನಗಳಲ್ಲಿ ಬ್ಲ್ಯಾಕ್ ಬಾಕ್ಸ್ ಕಡ್ಡಾಯವಲ್ಲ, ಹಾಗಾಗಿ ಕೊನೆಯ ನಿಮಿಷಗಳನ್ನು ರೇಡಾರ್ ಮತ್ತು ಅವಶೇಷಗಳಿಂದ ಕಟ್ಟಬೇಕಾಗುತ್ತದೆ. ಅಂತಿಮ ವರದಿ ಬಂದಾಗ ಕಾರಣದ ಒಂದು ಸಾಲಿಗೆ ನಿಲ್ಲದೆ ಪೂರಕ ಕಾರಣಗಳ ಪಟ್ಟಿಯನ್ನೂ ಶಿಫಾರಸುಗಳನ್ನೂ ಓದಿ. ದೀಪ ಕೆಟ್ಟಿತ್ತೇ, ಸೂಚನೆ ತಲುಪಿತ್ತೇ, ಪೈಲಟ್ ನಿದ್ದೆ ಮಾಡಿದ್ದನೇ, ಕಂಪನಿ ಏನು ಕಲಿಸಿತ್ತು, ಇವೆಲ್ಲ ಅಲ್ಲಿರುತ್ತವೆ.

ನಾನು ಮುಂದಿನ ತಿಂಗಳು ಚಾರ್ಟರ್‌ನಲ್ಲಿ ಹೋಗ್ಬೇಕು. ಏನು ಕೇಳಲಿ, ಏನು ಮಾಡಲಿ?

ಬುಕ್ ಮಾಡುವಾಗ ಕೇಳಿ: ಇಬ್ಬರು ಪೈಲಟ್ ಇರುತ್ತಾರಾ? ಹೋಗುವ ಊರಲ್ಲಿ ಐಎಲ್‌ಎಸ್ ಅಥವಾ ಉಪಗ್ರಹ ಆಧಾರಿತ ವಿಧಾನ ಇದೆಯಾ, ಇಲ್ಲ ಕಣ್ಣಿಂದಲೇ ಇಳಿಯಬೇಕಾ? ಪರ್ಯಾಯ ನಿಲ್ದಾಣ ಯಾವುದು? ಒಳ್ಳೆಯ ಕಂಪನಿ ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ.

ಚಳಿಗಾಲದಲ್ಲಿ ಬೆಳಗಿನ ಮೊದಲ ಗಳಿಗೆಯ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ. ಅಂದೇ ಮುಗಿಯಲೇಬೇಕಾದ ಕೆಲಸವಿದ್ದರೆ ಹಿಂದಿನ ದಿನವೇ ಹೋಗಿ. ಹತ್ತುವ ಮೊದಲು ಕ್ಯಾಪ್ಟನ್ ಹತ್ತಿರ ಹೋಗಿ, ನಿಮ್ಮ ಜೊತೆಯವರಿಗೂ ಕೇಳುವಂತೆ ಹೇಳಿ: 'ಸರ್, ಅಲ್ಲಿ ಕಾಣದಿದ್ದರೆ ಬೇರೆ ಊರಲ್ಲಿ ಇಳಿಸಿ. ನಾವು ರಸ್ತೆಯಲ್ಲಿ ಹೋಗ್ತೀವಿ, ಬೇಜಾರಿಲ್ಲ.' ಹೊರಟ ಮೇಲೆ ಕಾಕ್‌ಪಿಟ್ ಕಡೆ ಹೋಗಬೇಡಿ, ಎಷ್ಟು ಹೊತ್ತಾಗುತ್ತದೆ ಎಂದು ಕೇಳಬೇಡಿ. ಕಾರಿನವರಿಗೆ ಎರಡೂ ಊರಿಗೆ ಹೇಳಿಡಿ.